ಡೆಬಿಯನ್‌ನ ‘ನಾನ್-ಫ್ರೀ’ಗೆ ಕನ್ನಡದಲ್ಲಿ ಯಾವ ಪದ? ‘ಒಡೆತನದ’, ‘ಪರತಂತ್ರ’, ‘ಸ್ವತಂತ್ರವಲ್ಲದ’

ಮಾನ್ಯರೇ,

ಕಾರ್ಯಾಚರಣ ವ್ಯವಸ್ಥೆಯನ್ನೂ ಅದಕ್ಕೆ ಬೇಕಾದ ತಂತ್ರಾಂಶಗಳನ್ನೂ ಒಟ್ಟಿಗೆ ಕಟ್ಟಿ ಕೊಡುವ ಡೆಬಿಯನ್, ಉಬುಂಟುಗಳಂಥ ಲಿನಕ್ಸ್ ವಿತರಣೆಗಳಲ್ಲಿ ಯಾವುದನ್ನು ಪೂರ್ಣವಾಗಿ ಸ್ವತಂತ್ರವೆನ್ನಬಹುದು ಎಂಬ ವಾದವನ್ನು ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಯಾರು ಬೇಕಾದರೂ ಬಳಸಿ, ಅರಿತು, ಬದಲಿಸಿ, ಹಂಚಬಹುದಾದ ತಂತ್ರಾಂಶವನ್ನು ಸೂಚಿಸುವ ‘ಫ್ರೀ’ಗೆ ಪದ ಆರಿಸುವುದು ಅಷ್ಟು ಕಷ್ಟವಾಗಲಿಲ್ಲ. ಅದರ ಎದುರುಪದಕ್ಕೆ ಬಂದಾಗ ತಡೆದು ನಿಂತಿದ್ದೇನೆ.

ಇಂಗ್ಲಿಷಿನ ‘ಫ್ರೀ’ ಬೆಲೆಯಿಲ್ಲದ್ದನ್ನೂ ಕಟ್ಟಿಲ್ಲದ್ದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಮ್ಮಲ್ಲಿ ‘ಉಚಿತ’ ಮತ್ತು ‘ಸ್ವತಂತ್ರ’ ಬೇರೆ ಬೇರೆ ಇರುವುದರಿಂದ ಆ ಗೊಂದಲವಿಲ್ಲ. ‘ಮುಕ್ತ ತಂತ್ರಾಂಶ’ ಬಳಕೆಯಲ್ಲಿದೆಯಾದರೂ ‘ಮುಕ್ತ ಚರ್ಚೆ’, ‘ಮುಕ್ತ ವಿಶ್ವವಿದ್ಯಾಲಯ’ಗಳಲ್ಲಿ ಕಾಣುವಂತೆ ಆ ಪದ ‘ತೆರೆದ’ ಎಂಬ ಅರ್ಥದ ಕಡೆಗೆ ವಾಲುತ್ತದೆ. 1998ರಲ್ಲಿ ಹುಟ್ಟಿದ ‘ಓಪನ್ ಸೋರ್ಸ್’ ಎಂಬುದಕ್ಕೆ ಅದನ್ನು ಬಿಟ್ಟುಕೊಡುವುದೇ ಸರಿ. ಮಲಯಾಳದವರು ‘ಸ್ವತಂತ್ರ’ವನ್ನೇ ಹಿಡಿದಿದ್ದಾರೆ, ತಮಿಳರು ಕಟ್ಟಿಲ್ಲದ್ದು ಎಂಬರ್ಥದ ‘ಕಟ್ಟಟ್ರ’ ಎನ್ನುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ‘ಸ್ವತಂತ್ರ ವಿತರಣೆ’ ಎಂದು ಬರೆದರೆ ಇನ್ನೊಂದು ವಿತರಣೆಯನ್ನು ಆಧರಿಸದೆ ನಿಂತದ್ದು ಎಂದು ಓದುವವರಿದ್ದಾರೆ. ಉಬುಂಟುವನ್ನು ಆಧರಿಸಿದ ಟ್ರಿಸ್ಕೆಲ್, ಸ್ವತಂತ್ರ ತಂತ್ರಾಂಶದ ಪರ ದುಡಿಯುವ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪಿದ ವಿತರಣೆಗಳ ಪಟ್ಟಿಯಲ್ಲಿದೆ. ಯಾವುದನ್ನೂ ಆಧರಿಸದ ಡೆಬಿಯನ್ ಅದರಲ್ಲಿಲ್ಲ. ಆದ್ದರಿಂದ ‘ಸ್ವತಂತ್ರ ತಂತ್ರಾಂಶದ ವಿತರಣೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಡೆಬಿಯನ್ 1997ರ ತನ್ನ ಸಾಮಾಜಿಕ ಒಡಂಬಡಿಕೆಯಲ್ಲಿ ತಾನು ನೂರಕ್ಕೆ ನೂರು ಸ್ವತಂತ್ರವಾಗಿರುವೆನೆಂದು ಮಾತು ಕೊಟ್ಟು, ಅದೇ ಒಡಂಬಡಿಕೆಯಲ್ಲಿ ತನ್ನ ಮಾನದಂಡಕ್ಕೆ ಹೊಂದದ ಕೃತಿಗಳಿಗೆಂದು ‘ಕಾಂಟ್ರಿಬ್’ ಮತ್ತು ‘ನಾನ್-ಫ್ರೀ’ ಎಂಬ ವಿಭಾಗಗಳನ್ನು ಹೊರಗಿಟ್ಟಿದೆ. ಅವು ಡೆಬಿಯನ್‌ನ ಭಾಗವಲ್ಲ ಎಂಬುದು ಅದರ ನಿಲುವು. ಭಾಗವಲ್ಲದಿದ್ದರೂ ಅದರದೇ ಸರ್ವರ್‌ಗಳಲ್ಲಿ ಸಿಗುತ್ತವೆ ಎಂಬುದು ಫೌಂಡೇಶನ್‌ನ ಆಕ್ಷೇಪ.

ಈ ‘ನಾನ್-ಫ್ರೀ’ಗೆ ‘ಒಡೆತನದ’ ಅಥವಾ ‘ಸ್ವಾಮ್ಯದ’ ಎಂದು ಬರೆಯುವ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮೊದಲನೆಯದಾಗಿ, ಸ್ವತಂತ್ರ ತಂತ್ರಾಂಶಕ್ಕೂ ಕೃತಿಸ್ವಾಮ್ಯವಿದೆ. ಸ್ವತಂತ್ರ ತಂತ್ರಾಂಶದ ಹೆಸರಾಂತ ಪರವಾನಗಿಯಾದ ಜಿಪಿಎಲ್ ನಿಂತಿರುವುದೇ ಅದರ ಮೇಲೆ, ಹೀಗಿರುವಾಗ ‘ಸ್ವಾಮ್ಯ’ವನ್ನು ಎದುರುಬದಿಗೆ ಕೊಟ್ಟರೆ ಓದುಗರು ದಾರಿ ತಪ್ಪುತ್ತಾರೆ. ಎರಡನೆಯದು ಇನ್ನೂ ಗಟ್ಟಿಯಾದ ಕಾರಣ. ಫೌಂಡೇಶನ್ನಿನ ಬೆಂಬಲದ ಗ್ನೂ ತಂತ್ರಾಂಶ ಯೋಜನೆಯ ಕೈಪಿಡಿಗಳು ಜಿಎಫ್‌ಡಿಎಲ್ ಎಂಬ ಪರವಾನಗಿಯಲ್ಲಿ ಬರುತ್ತವೆ. ಯಾರೂ ಬದಲಿಸಬಾರದ ಭಾಗಗಳನ್ನು ಅದು ಅನುಮತಿಸುವುದರಿಂದ, ಅಂಥ ಭಾಗಗಳುಳ್ಳ ದಾಖಲೆಗಳು ಸ್ವತಂತ್ರವಲ್ಲವೆಂದು ಡೆಬಿಯನ್ 2006ರ ಮತದಾನದಲ್ಲಿ ತೀರ್ಮಾನಿಸಿತು. ಹಾಗಾಗಿ ಗ್ನೂವಿನ ಪಠ್ಯ ಸಂಪಾದಕವಾದ ಈಮ್ಯಾಕ್ಸ್‌ನ ಕೈಪಿಡಿಯೇ ಡೆಬಿಯನ್‌ನ ‘ನಾನ್-ಫ್ರೀ’ ವಿಭಾಗದಲ್ಲಿದೆ! ಫೌಂಡೇಶನ್ನಿನ ದೃಷ್ಟಿಯಲ್ಲಿ ಅದು ಸ್ವತಂತ್ರ ಕೃತಿ. ಅದನ್ನು ‘ಒಡೆತನದ್ದು’ ಎಂದರೆ ಎರಡೂ ಕಡೆಯವರು ಹೇಳದ ಮಾತನ್ನು ನಾವು ಅವರ ಬಾಯಿಗೆ ಹಾಕಿದಂತಾಗುತ್ತದೆ.

‘ಪರತಂತ್ರ’ ನನಗೆ ಬಹಳ ಪ್ರಿಯವಾದ ಪದ. ‘ಸ್ವತಂತ್ರ’ದ ಸಹಜ ಜೋಡಿ ಅದು, ಮಧ್ವಮತದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸುವಾಗಲೂ ಎರಡನೆಯದು ಇನ್ನೊಂದನ್ನು ಆಶ್ರಯಿಸಿರುವುದು ಎಂಬ ಅರ್ಥ ಸ್ಪಷ್ಟವಾಗಿದೆ. ಆದರೆ ಆ ಅರ್ಥವೇ ಇಲ್ಲಿ ತೊಡಕು. ತಂತ್ರಾಂಶದ ಪರವಾನಗಿ ಕಟ್ಟಿಹಾಕುವುದು ಬಳಸುವವರನ್ನು. ಪರತಂತ್ರರಾಗುವವರು ಅವರು, ತಂತ್ರಾಂಶವಲ್ಲ. ಮೇಲಾಗಿ ‘ಕಾಂಟ್ರಿಬ್’ ವಿಭಾಗದಲ್ಲಿರುವುದು ತಾನು ಸ್ವತಂತ್ರವಾಗಿದ್ದೂ ಸ್ವತಂತ್ರವಲ್ಲದ ಇನ್ನೊಂದಿಲ್ಲದೆ ನಡೆಯದ ತಂತ್ರಾಂಶ, ಅಂದರೆ ಅಕ್ಷರಶಃ ಪರತಂತ್ರವಾದದ್ದು. ಪದವನ್ನು ‘ನಾನ್-ಫ್ರೀ’ಗೆ ಕೊಟ್ಟುಬಿಟ್ಟರೆ ಇದಕ್ಕೆ ಏನು ಉಳಿಯುತ್ತದೆ?

ಇದೇ ಕಾರಣಕ್ಕೆ ‘ಅಸ್ವತಂತ್ರ’ವನ್ನೂ ಬಿಟ್ಟು, ಕೇವಲ ನಿಷೇಧವನ್ನು ಹೇಳುವ ‘ಸ್ವತಂತ್ರವಲ್ಲದ’ ಎಂಬುದರ ಕಡೆಗೆ ನನ್ನ ಮನಸ್ಸು ಒಲಿದಿದೆ. ಮೂಲವೂ ನಿಷೇಧವೇ, ಮಾನದಂಡಕ್ಕೆ ಹೊಂದಲಿಲ್ಲ ಎನ್ನುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. 2022ರ ಮತದಾನದ ನಂತರ ಡೆಬಿಯನ್ 12ರ ಅನುಸ್ಥಾಪನಾ ಮಾಧ್ಯಮದಲ್ಲೇ ಸೇರಿದ, ವೈಫೈ ಮುಂತಾದ ಯಂತ್ರಾಂಶಗಳು ನಡೆಯಲು ಅವುಗಳೊಳಗೆ ತುಂಬಬೇಕಾದ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ಪ್ರತ್ಯೇಕ ವಿಭಾಗವನ್ನೂ ‘ಸ್ವತಂತ್ರವಲ್ಲದ ಫರ್ಮ್‌ವೇರ್’ ಎಂದು ನಿರಾಯಾಸವಾಗಿ ಕರೆಯಬಹುದು. ಅದನ್ನು ಅನಿವಾರ್ಯವೆಂದವರೂ, ಅಂಥದ್ದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದಲೇ ಕಿತ್ತುಹಾಕುವ ಲಿನಕ್ಸ್-ಲಿಬ್ರೆ ಯೋಜನೆಯವರೂ ಈ ಪದವನ್ನು ಒಪ್ಪಿ ಬಳಸಬಲ್ಲರು. ಉದ್ದವಾಯಿತು ಎಂಬುದನ್ನು ಒಪ್ಪುತ್ತೇನೆ. ಮೆನುವಿನ ಇಕ್ಕಟ್ಟಿನಲ್ಲಿ ಅದು ಹಿಡಿಸದಿರಬಹುದು.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ‘ಸ್ವತಂತ್ರವಲ್ಲದ’ ಎಂಬುದನ್ನು ಅರ್ಥ ಕೆಡದಂತೆ ಚಿಕ್ಕದಾಗಿಸಲು ಸಾಧ್ಯವೇ? ಮತ್ತು ‘ಕಾಂಟ್ರಿಬ್’ಗೆ ನಾನು ಸದ್ಯ ಬರೆದಿಟ್ಟಿರುವ ‘ಪರಾಶ್ರಿತ’ ಎಂಬ ಪದದಲ್ಲಿ, ಆ ತಂತ್ರಾಂಶವನ್ನು ಬರೆದವರ ಶ್ರಮವನ್ನು ಕೀಳಾಗಿಸುವ ಧ್ವನಿಯೇನಾದರೂ ನಿಮಗೆ ಕೇಳಿಸುತ್ತಿದೆಯೇ?