ಅಪ್‌ಡೇಟ್: ಬಣ್ಣ ಫ್ಲಾರೆನ್ಸ್ ತಲುಪಿತು, ಟರ್ಪಂಟೈನ್ ತಲುಪಲಿಲ್ಲ

ಮೈಸೂರಿನಿಂದ ನಾವು ಹನ್ನೆರಡು ಜನ ಚಿತ್ರಕಲೆ ವಿದ್ಯಾರ್ಥಿಗಳು ಇಟಲಿಯ ಫ್ಲಾರೆನ್ಸ್‌ಗೆ ಹೊರಟಾಗ, ಆಯಿಲ್ ಪೇಂಟ್ ವಿಮಾನದಲ್ಲಿ ಒಯ್ಯಬಹುದಾ ಅಂತ ಇಲ್ಲಿ ಕೇಳಿದ್ದೆ, ನೀವು ಸಲಹೆ ಕೊಟ್ಟಿದ್ರಿ. ಹೋಗಿ ಬಂದೆವು.

ಕೆಲಸಕ್ಕೆ ಬಂದಿದ್ದು ಸೇಫ್ಟಿ ಡೇಟಾ ಶೀಟ್ (ಬಣ್ಣ ಎಷ್ಟು ಸುರಕ್ಷಿತ ಅಂತ ತಯಾರಕರು ಕೊಡೋ ಹಾಳೆ) ಜೊತೆಗಿಟ್ಟುಕೊಳ್ಳಿ ಅನ್ನೋ ಸಲಹೆ. ಅದರಲ್ಲಿ ಫ್ಲ್ಯಾಶ್ ಪಾಯಿಂಟ್ (ಎಷ್ಟು ಬಿಸಿಯಾದರೆ ಆವಿ ಹೊತ್ತಿಕೊಳ್ಳಬಹುದು ಅನ್ನೋದು) ಬರೆದಿದ್ದ ಸಾಲಿಗೆ ಕೆಂಪು ಗೆರೆ ಎಳೆದು, ಟ್ಯೂಬ್‌ಗಳ ಜೊತೆ ಚೆಕ್-ಇನ್ ಬ್ಯಾಗಿನಲ್ಲಿಟ್ಟೆ. ತೊಂದರೆ ಆಗಲಿಲ್ಲ. "ಟರ್ಪಂಟೈನ್ ಚಿಕ್ಕ ಬಾಟಲಿ ಆದ್ರೆ ಬಿಡ್ತಾರೆ" ಅಂದಿದ್ರಲ್ಲ, ಬಿಡಲಿಲ್ಲ! ಬಣ್ಣ ತೆಳು ಮಾಡೋ ಈ ದ್ರವ ಬೇಗ ಹೊತ್ತಿಕೊಳ್ಳುವ ವಸ್ತು, ಅಲ್ವಾ. ಅಲ್ಲೇ ಕೊಂಡೆವು.

ಉಫೀಜಿ ಗ್ಯಾಲರಿಗೆ ಸೋಮವಾರ ರಜ, ಇದನ್ನು ಯಾರೂ ಹೇಳಿರಲಿಲ್ಲ. ಸುಮ್ನೆ ಆರ್ನೋ ನದಿ ದಂಡೆಯಲ್ಲಿ ಕೂತು 1345ರ ಹಳೇ ಸೇತುವೆ ಬರೆದೆವು. ಮರುದಿನ ಒಳಗೆ, ಇಟಲಿಯ ಹಳೇ ಚಿತ್ರಕಾರ ಜೊಟ್ಟೊ ಬರೆದ ಮಡೋನಾ (ಮೇರಿ ಮಾತೆಯ ಚಿತ್ರ) ಮುಂದೆ ಗೆಳತಿ ಪಿಸುಗುಟ್ಟಿದಳು: "ನಮ್ಮ ಮೈಸೂರು ಚಿತ್ರದ ಥರಾನೇ ಚಿನ್ನದ ರೇಕು ಕಣೇ!"