ಅಜ್ಜನ ಟ್ರಂಕಲ್ಲಿ ಅಮೆರಿಕದ ಹಳೇ ಮೆಡಲ್ ಸಿಕ್ಕಿದೆ, ಒರಿಜಿನಲ್ಲಾ?

ಕದ್ರಿ_ಪಾವಲಿ:
ಎಲ್ರಿಗೂ ನಮಸ್ಕಾರ. ಅಜ್ಜ ಹಡಗಲ್ಲಿ ಕೆಲಸಕ್ಕಿದ್ದವ್ರು, ಮೊನ್ನೆ ಅಟ್ಟ ಗುಡಿಸುವಾಗ ಅವ್ರ ಟ್ರಂಕಲ್ಲಿ ತಾಮ್ರದ ಬಣ್ಣದ ದಪ್ಪ ಮೆಡಲ್ ಒಂದು ಸಿಕ್ತು, ಒಂದು ಬದಿ ಕೂದಲು ಹಾರ್ತಾ ಇರುವ ಹುಡುಗಿ ಮುಖ, ಹಿಂದೆ ಕೋಲಿನ ತುದಿಯಲ್ಲಿ ಟೊಪ್ಪಿ, ಮೇಲೆ ಲಿಬರ್ಟಾಸ್ ಅಮೆರಿಕಾನಾ (ಲ್ಯಾಟಿನಲ್ಲಿ ಅಮೆರಿಕದ ಸ್ವಾತಂತ್ರ್ಯ) ಅಂತ, ಕೆಳಗೆ 4 ಜುಲೈ 1776. ಇನ್ನೊಂದು ಬದಿ ಮಗು ಎರಡೂ ಕೈಯಲ್ಲಿ ಹಾವು ಹಿಡ್ಕೊಂಡುಂಟು, ಹತ್ರ ಒಂದು ಸಿಂಹ. 1776ರದ್ದೇ ಆಗಿರ್ಬಹುದಾ? ಅಮ್ಮ ಹುಣಸೆಹುಳಿ ಹಾಕಿ ತಿಕ್ಕಿ ಕೊಡ್ತೇನೆ ಅಂತಿದ್ದಾರೆ.

ಮಲ್ಪೆ_ನಾಣ್ಯಪ್ರಿಯ:
ಮೊದ್ಲು ಅಮ್ಮನತ್ರ ದಯವಿಟ್ಟು ಬೇಡ ಅಂತ ಹೇಳಿ ಮಾರಾಯ್ರೆ! ಹುಳಿ ಹಾಕಿದ್ರೆ ಹಳೇ ಬಣ್ಣ ಹೋಯ್ತು, ಮತ್ತೆ ಬರುದಿಲ್ಲ.
4 ಜುಲೈ 1776 ಅಂದ್ರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ದಿನ, ಮೆಡಲ್ ಅಚ್ಚಾದದ್ದು 1783ರಲ್ಲಿ ಪ್ಯಾರಿಸಲ್ಲಿ. ಐಡಿಯಾ ಬೆಂಜಮಿನ್ ಫ್ರಾಂಕ್ಲಿನ್‌ದು, ಕೆತ್ತಿದ್ದು ದುಪ್ರೆ ಅನ್ನುವ ಫ್ರೆಂಚ್ ಕಲಾವಿದ. ಮಗು ಹರ್ಕ್ಯುಲಿಸ್, ಗ್ರೀಕ್ ಕಥೆಯಲ್ಲಿ ತೊಟ್ಟಿಲಲ್ಲೇ ಹಾವು ಕೊಂದ ವೀರ, ಇಲ್ಲಿ ಅವನಂದ್ರೆ ಅಮೆರಿಕ (ನಮಗೆ ಉಡುಪಿಯವ್ರಿಗೆ ಕಾಳಿಂಗನನ್ನು ತುಳಿದ ಬಾಲಕೃಷ್ಣ ನೆನಪಾಗದೆ ಇರ್ತಾನಾ). ಎರಡು ಹಾವು ಸರಟೋಗಾ, ಯಾರ್ಕ್‌ಟೌನಲ್ಲಿ ಶರಣಾದ ಎರಡು ಬ್ರಿಟಿಷ್ ಸೈನ್ಯ, ಅದಕ್ಕೇ ಕೆಳಗೆ 1777, 1781ರ ಅಕ್ಟೋಬರ್ ತಾರೀಕು. ಸಿಂಹ ಬ್ರಿಟನ್, ಅದನ್ನು ತಡೆಯುವ ದೇವಿ ಫ್ರಾನ್ಸ್, ಅವಳ ಗುರಾಣಿಯಲ್ಲಿ ಫ್ರಾನ್ಸ್ ರಾಜರ ಗುರುತಾದ ಲಿಲಿ ಹೂವು ಕಾಣ್ತದಾ ನೋಡಿ.
ಆದ್ರೆ ಪ್ಯಾರಿಸ್ ಟಂಕಸಾಲೆಯವ್ರು ಇದನ್ನು ಆಮೇಲೂ ಸುಮಾರು ಸಲ ಅಚ್ಚು ಹಾಕಿದ್ದಾರೆ. ಮುಖ ನೋಡಿ ಹೇಳ್ಲಿಕ್ಕೆ ಕಷ್ಟ, ಅಂಚು ನೋಡ್ಬೇಕು. ಲೆನ್ಸ್ ಹಿಡ್ದು ಸುತ್ತ ತಿರುಗಿಸಿ. ಜೇನುನೊಣದ ಗುರುತು ಇದ್ರೆ 1860ರಿಂದ 1880ರ ಒಳಗಿಂದು, ಹಣ್ಣು ತುಂಬಿದ ಕೊಂಬು ಇದ್ರೆ 1880ರ ನಂತರದ್ದು. 1783ರದ್ದಕ್ಕೆ ಅಂಚು ಖಾಲಿ.

ಕದ್ರಿ_ಪಾವಲಿ:
ಕೊಂಬು ಉಂಟು ಅಣ್ಣ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬ್ರಾಂಜ್ ಅಂತಲೂ ಉಂಟು. ಲಿಲಿ ಹೂವೂ ಸಿಕ್ತು! ಸ್ವಲ್ಪ ಬೇಜಾರಾಯ್ತು, ಆದ್ರೂ ಅಜ್ಜ ಜೋಪಾನ ಮಾಡಿದ್ದಲ್ವಾ, ಕೊಡುದಿಲ್ಲ.

ಸುರತ್ಕಲ್_ಸಂಗ್ರಹ:
ಬೇಜಾರು ಮಾಡ್ಬೇಡಿ, ನಾನು ಇಂಥದ್ದನ್ನೇ ಒಬ್ಬರಿಂದ ಒರಿಜಿನಲ್ ಅಂತ ನಂಬಿ ದೊಡ್ಡ ದುಡ್ಡು ಕೊಟ್ಟು ತಗೊಂಡವ, ಅಂಚು ನೋಡ್ಬೇಕು ಅಂತ ಆಗ ಯಾರೂ ಹೇಳ್ಲಿಲ್ಲ. ಇನ್ನೊಂದು, ಮೆತ್ತಗಿನ ಪಿವಿಸಿ ಕವರಿಗೆ ಹಾಕ್ಬೇಡಿ. ನಮ್ಮ ಮಳೆಗಾಲದ ತೇವಕ್ಕೆ ನನ್ನದು ಒಂದೇ ವರ್ಷದಲ್ಲಿ ಹಾವಿನ ಸುತ್ತ ಹಸಿರು ಅಂಟು ಅಂಟಾಯ್ತು. ಗಟ್ಟಿ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೂನ್ ಬರುವ ಮೊದ್ಲೇ ಮಾಡಿ. ಹಿಡಿಯುವಾಗ ಅಂಚಲ್ಲೇ ಹಿಡೀರಿ.