ಏರಿಳಿತವೋ, ಏರುಪೇರೋ? ಪೆಲೆಟ್ ಗ್ರಿಲ್‌ನ ಕಾವಿನ ಬಗ್ಗೆ ಒಂದು ಪದಚರ್ಚೆ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಕೇಳಬೇಕಾದ ಪದ ಒಂದೇ. ಆದರೆ ಅದರ ಹಿಂದೆಯೇ ಇನ್ನೂ ನಾಲ್ಕೈದು ಪದ ಬಂದು ನಿಂತಿವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಡೆನ್ವರ್ ಹತ್ತಿರ. ಹಿತ್ತಲಲ್ಲಿ ಒಂದು ಪೆಲೆಟ್ ಗ್ರಿಲ್ ಇದೆ, ಅಂದರೆ ಪೆಲೆಟ್ ಉರಿಸಿ ಅಡುಗೆ ಬೇಯಿಸುವ ಒಲೆ. ನೋಡದವರಿಗಾಗಿ ಹೇಳುತ್ತೇನೆ. ಮರದ ಹೊಟ್ಟನ್ನು ಬಲವಾಗಿ ಒತ್ತಿ ಸುಮಾರು 6 ಮಿಲಿಮೀಟರ್ ದಪ್ಪದ ತುಂಡುಗಳನ್ನು ಮಾಡಿರುತ್ತಾರೆ, ಅವೇ ಪೆಲೆಟ್. ಒತ್ತುವಾಗ ಏಳುವ ಬಿಸಿಗೆ ಮರದೊಳಗಿನ ಲಿಗ್ನಿನ್ ಎನ್ನುವ ಅಂಶ ಮೆತ್ತಗಾಗಿ, ಅದೇ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಗ್ರಿಲ್‌ನ ಪಕ್ಕದ ಪೆಟ್ಟಿಗೆಗೆ ಪೆಲೆಟ್ ಸುರಿದರೆ, ತಳದಲ್ಲಿರುವ ಉದ್ದನೆಯ ತಿರುಪು ತಿರುಗುತ್ತಾ ಸ್ವಲ್ಪ ಸ್ವಲ್ಪವೇ ಒಂದು ಸಣ್ಣ ಲೋಹದ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಕೆಂಪಗೆ ಕಾಯುವ ಸರಳೊಂದು ಬೆಂಕಿ ಹತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಒಳಗೆ ಕಾವು ಅಳೆಯುವ ಕಡ್ಡಿ ಇರುತ್ತದೆ, ಅದು ಹೇಳಿದ ಅಂಕಿ ನೋಡಿಕೊಂಡು ಯಂತ್ರ ತಿರುಪನ್ನು ಓಡಿಸುತ್ತದೆ, ನಿಲ್ಲಿಸುತ್ತದೆ. ಜೋ ಟ್ರೇಗರ್ ಎನ್ನುವವರು 1980ರ ದಶಕದಲ್ಲಿ ಆರೆಗನ್ ರಾಜ್ಯದ ಮೌಂಟ್ ಏಂಜೆಲ್ ಊರಿನಲ್ಲಿ ಇದನ್ನು ಮಾಡಿದರು, 1986ರಲ್ಲಿ ಪೇಟೆಂಟ್ ಆಯಿತು. ಹಾಗಾಗಿ ಇದರ ಮಾತೆಲ್ಲ ಅಮೆರಿಕದ ಇಂಗ್ಲಿಷಿನದು. ಕಾವು ಮೇಲೆ ಕೆಳಗೆ ಆಗುವುದಕ್ಕೆ ಇಲ್ಲಿ ‘ಸ್ವಿಂಗ್’ ಎನ್ನುತ್ತಾರೆ. ಜೋಕಾಲಿಗೆ ಹೇಳುವ ಪದವೇ.

ಹೋದ ಚಳಿಗಾಲದಲ್ಲಿ ನಮ್ಮ ಮಾವನವರು ಅರಸೀಕೆರೆ ಕಡೆಯಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. ಅವರಿಗೆ ಈ ಗ್ರಿಲ್ ಮೇಲೆ ಬಹಳ ಪ್ರೀತಿ ಬಂತು. ನಾವು ಆಫೀಸಿಗೆ ಹೋದಾಗ ಜೋಳದ ತೆನೆ, ಬದನೆಕಾಯಿ, ಗೆಣಸು ಎಲ್ಲ ಇಡುತ್ತಿದ್ದರು. ಅವರಿಗೆ ಸುಲಭವಾಗಲಿ ಅಂತ ನಾನು ಕನ್ನಡದಲ್ಲಿ ಒಂದು ಚೀಟಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದೆ. ಅದರಲ್ಲಿ ಒಂದು ಸಾಲು: ‘ಕಾವಿನಲ್ಲಿ ಏರುಪೇರು ಆದರೆ ಗಾಬರಿ ಬೇಡ.’

ಸಂಜೆ ಬಂದು ನೋಡಿದರೆ ಗ್ರಿಲ್ ಆರಿಸಿಟ್ಟಿದ್ದರು. ಗೆಣಸು ಅರೆಬೆಂದಿತ್ತು. ‘ಏನಮ್ಮಾ, ಏರುಪೇರಾದ್ರೆ ಗಾಬರಿ ಆಗ್ದೆ ಇರೋಕಾಗುತ್ತಾ? ನೀನು 225 ಅಂದಿದ್ದೆ, ಅದು 240 ತೋರಿಸ್ತು, ಆಮೇಲೆ 210ಕ್ಕೆ ಬಂತು. ಕೆಟ್ಟಿದೆ ಅಂತ ಆರಿಸ್ಬಿಟ್ಟೆ’ ಅಂದರು.

ತಪ್ಪು ನನ್ನ ಪದದ್ದು, ಅಲ್ವಾ? ನನ್ನ ತಲೆಯಲ್ಲಿ ಏರುಪೇರು ಅಂದರೆ ಏರುವುದು ಇಳಿಯುವುದು, ಅಷ್ಟೇ. ಅವರ ಕಿವಿಗೆ ಅದು ಕೆಡುಕಿನ ಸುದ್ದಿ. ಯೋಚನೆ ಮಾಡಿದರೆ ಅವರದೇ ಸರಿ. ‘ಆರೋಗ್ಯದಲ್ಲಿ ಏರುಪೇರು’ ಅಂದ ತಕ್ಷಣ ಡಾಕ್ಟರ ಹತ್ತಿರ ಓಡುತ್ತೇವೆ. ‘ಲೆಕ್ಕದಲ್ಲಿ ಏರುಪೇರು’ ಅಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಆದರೆ ‘ಧ್ವನಿಯ ಏರಿಳಿತ’ ಅಂದರೆ ಅದು ಹಾಡುವವರ ಗುಣ. ಅಲೆಗಳ ಏರಿಳಿತ, ಉಸಿರಿನ ಏರಿಳಿತ, ಇವೆಲ್ಲ ಇರಬೇಕಾದವು, ಇಲ್ಲದಿದ್ದರೇ ತೊಂದರೆ. ಪತ್ರಿಕೆಗಳಲ್ಲಿ ಬೆಲೆಯ ಬಗ್ಗೆ ಎರಡನ್ನೂ ಒಂದರ ಬದಲು ಇನ್ನೊಂದು ಬಳಸುತ್ತಾರೆ ನಿಜ. ಮನೆ ಮಾತಿನಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿಯೇ ಇದೆ ಅಂತ ನನಗೆ ಅನಿಸುತ್ತದೆ.

ಈ ಗ್ರಿಲ್‌ಗೆ ನಿಜವಾಗಿ ಬೇಕಾಗಿರುವುದೂ ಇದೇ ವ್ಯತ್ಯಾಸ. ಹಳೆಯ ಮಾದರಿಯ ಕೆಲವು ಗ್ರಿಲ್‌ಗಳಲ್ಲಿ, ಅಡುಗೆಗೆ ಹೊಗೆಯ ರುಚಿ ಹಿಡಿಸುವ ಸಣ್ಣ ಕಾವಿನಲ್ಲಿ, ತಿರುಪು 15 ಸೆಕೆಂಡು ತಿರುಗಿ 65 ಸೆಕೆಂಡು ಸುಮ್ಮನಿರುತ್ತದೆ. ಈ ನಿಲ್ಲುವ ಹೊತ್ತಿಗೆ ನಾನು ‘ಬಿಡುವು’ ಅಂತ ಬರೆದಿದ್ದೇನೆ, ಸರಿಯಾಗಿ ಕೂತಿದೆ. ಹೊಸ ಪೆಲೆಟ್ ಬಿದ್ದಾಗ ಕಾವು ಏರುತ್ತದೆ, ಬಿಡುವಿನಲ್ಲಿ ಇಳಿಯುತ್ತದೆ. ಬಿಡುವು ಜಾಸ್ತಿ ಮಾಡಿದಷ್ಟೂ ಹೊಗೆ ಜಾಸ್ತಿ, ಜೊತೆಗೆ ಏರಿಳಿತವೂ ಜಾಸ್ತಿ. 225 ಫ್ಯಾರನ್‌ಹೀಟ್‌ಗೆ ಇಟ್ಟರೆ ಆ ಕಡೆ ಈ ಕಡೆ 15–20 ಡಿಗ್ರಿ ಆಡುವುದು ಇಂಥ ಗ್ರಿಲ್‌ಗೆ ಸಹಜ. ಮುಚ್ಚಳ ತೆಗೆದು ನೋಡಿದರಂತೂ ಕಾವು ದಡಕ್ಕನೆ ಬೀಳುತ್ತದೆ, ಯಂತ್ರ ಅವಸರದಲ್ಲಿ ಪೆಲೆಟ್ ತಳ್ಳುತ್ತದೆ, ಮುಚ್ಚಿದ ಮೇಲೆ ಇಟ್ಟ ಅಂಕಿಯನ್ನು ದಾಟಿ ಹೋಗುತ್ತದೆ. ಸುಮ್ನೆ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಇದು ಏರಿಳಿತ.

ಏರುಪೇರು ಬೇರೆ. ಅದೂ ನಮ್ಮ ಮನೆಯಲ್ಲೇ ಆಯಿತು, ಜನವರಿಯಲ್ಲಿ. 225ಕ್ಕೆ ಇಟ್ಟದ್ದು 170ಕ್ಕೆ ಇಳಿದು ಅಲ್ಲೇ ಕೂತಿತು. ಹತ್ತು ನಿಮಿಷವಾದ ಮೇಲೆ ಬಿಳಿ ಹೊಗೆ ದಟ್ಟವಾಗಿ ಬಂತು. ಆಮೇಲೆ ಒಂದೇ ಸಲಕ್ಕೆ 300 ದಾಟಿತು. ನಾನು ಕಡ್ಡಿ ಒರೆಸಿದೆ. ಅದಕ್ಕೆ ಜಿಡ್ಡು, ಮಸಿ ಮೆತ್ತಿಕೊಂಡರೆ ಕಾವಿನ ಸುದ್ದಿ ತಡವಾಗಿ ತಲುಪುತ್ತದೆ, ಯಂತ್ರ ತಪ್ಪು ಹೊತ್ತಿಗೆ ಪೆಲೆಟ್ ತಳ್ಳುತ್ತದೆ, ಅದಕ್ಕೇ ಮೊದಲು ಒರೆಸುವುದು ಅದನ್ನೇ. ಸರಿಹೋಗಲಿಲ್ಲ. ಬಟ್ಟಲಿನ ಬೂದಿ ತೆಗೆದೆ. ಸ್ವಲ್ಪ ವಾಸಿ ಆಯಿತು, ಅಷ್ಟೇ.

ಆಗ ಮಾವನವರು ಪೆಟ್ಟಿಗೆಯಿಂದ ಒಂದು ಪೆಲೆಟ್ ತೆಗೆದುಕೊಂಡು ಎರಡು ಬೆರಳಲ್ಲಿ ಮುರಿದರು. ಟಕ್ ಅನ್ನಬೇಕಿತ್ತು, ಅನ್ನಲಿಲ್ಲ. ಬೆರಳ ನಡುವೆ ಪುಡಿಯಾಯಿತು. ‘ಹಪ್ಪಳ ಮೆತ್ತಗಾದ ಹಾಗೆ ಆಗಿದೆ, ನೋಡು. ಇದು ಥಂಡಿ ಕುಡಿದಿದೆ’ ಅಂದರು. ಚೀಲವನ್ನು ಗ್ಯಾರೇಜಿನ ನೆಲದ ಮೇಲೇ ಇಟ್ಟಿದ್ದೆವು. ಕಾರಿನ ಚಕ್ರದಿಂದ ಕರಗಿದ ಹಿಮದ ನೀರು ಅದರ ಬುಡಕ್ಕೆ ಹೋಗಿತ್ತು. ಪೆಟ್ಟಿಗೆಯ ಒಳಗೂ ಪೆಲೆಟ್ ಅಂಚಿಗೆ ಕಚ್ಚಿಕೊಂಡು ನಡುವೆ ಗುಳಿ ಬಿದ್ದಿತ್ತು, ಮೇಲಿಂದ ನೋಡಿದರೆ ತುಂಬಿದೆ ಅನಿಸುತ್ತದೆ, ತಿರುಪಿಗೆ ಮಾತ್ರ ಏನೂ ಸಿಗುತ್ತಿಲ್ಲ. ಎಲ್ಲ ಖಾಲಿ ಮಾಡಿ, ತಿರುಪಿನ ಸುತ್ತ ಗಾರೆಯ ಹಾಗೆ ಗಟ್ಟಿಯಾಗಿದ್ದ ಹೊಟ್ಟನ್ನು ಕೆರೆದು, ಒಣ ಪೆಲೆಟ್ ಹಾಕಿದ ಮೇಲೆ ಮತ್ತೆ ಹಳೆಯ ಏರಿಳಿತಕ್ಕೆ ಬಂತು.

ಅವರಿಗೆ ಅದು ಹೇಗೆ ಗೊತ್ತಾಯಿತು ಅಂದರೆ, ಊರಿನಲ್ಲಿ ಬಚ್ಚಲ ಹಂಡೆಗೆ ವರ್ಷಗಟ್ಟಲೆ ಹೊಟ್ಟಿನ ಒಲೆ ಹಚ್ಚಿದವರು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ತಗಡಿನ ಡಬ್ಬದ ನಡುವೆ ಒಂದು ಉರುಟು ಕೋಲು ನಿಲ್ಲಿಸಿ, ಕೆಳಗಿನ ಕಿಂಡಿಯಿಂದ ಇನ್ನೊಂದು ತೂರಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಆಮೇಲೆ ಕೋಲು ಎಳೆದುಕೊಂಡು, ಆ ಪೊಳ್ಳಿನಲ್ಲಿ ಬೆಂಕಿ ಹಚ್ಚುವುದು. ಹೊಟ್ಟು ಹಸಿ ಇದ್ದರೆ ಬರೀ ಹೊಗೆ, ಸಡಿಲ ತುಂಬಿದರೆ ಕುಸಿದು ಬೆಂಕಿ ಮುಚ್ಚಿಹೋಗುತ್ತದೆ. ಇಲ್ಲಿಯದೂ ಅದೇ ಹೊಟ್ಟು, ಒತ್ತಿ ತುಂಡು ಮಾಡಿದ್ದಾರೆ ಅಷ್ಟೇ.

ಈಗ ಚೀಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ, ಇಲ್ಲಿನ ಬೇರೆ ಕನ್ನಡದವರೂ ಕೇಳಿದ್ದಾರೆ. ಅದಕ್ಕೆ ಈ ಪದಗಳು.

‘ತಾಪಮಾನ’, ‘ಉಷ್ಣಾಂಶ’ ಎರಡನ್ನೂ ಬಿಟ್ಟು ‘ಕಾವು’ ಇಟ್ಟುಕೊಂಡಿದ್ದೇನೆ. ಅವು ಹವಾಮಾನ ವರದಿಗೆ ಸರಿ. ಹಂಚಿಗೆ ಇರುವುದು ಕಾವು, ಕೋಳಿ ಕೂರುವುದೂ ಕಾವಿಗೆ. ‘ಉರಿ’ ಅನ್ನುವಂತಿಲ್ಲ, ಉರಿ ಇರುವುದು ಬಟ್ಟಲಿನಲ್ಲಿ, ಅಡುಗೆಗೆ ತಾಗುವುದು ಕಾವು. ಅಂಕಿ ತೋರಿಸುವುದೂ ಕಡ್ಡಿ ಇರುವ ಜಾಗದ ಕಾವನ್ನು ಮಾತ್ರ.

ಬೆಂಕಿ ತಾನಾಗಿ ಹೋಗುವುದಕ್ಕೆ ಏನು ಬರೆಯಲಿ? ಮಾವನವರು ‘ಒಲೆ ಕೆಟ್ಟೋಯ್ತು’ ಅನ್ನುತ್ತಾರೆ, ದೀಪ ಕೆಟ್ಟಿತು ಅನ್ನುವ ಹಾಗೆ. ಬಹಳ ಚೆಂದದ ಹಳೆಯ ಬಳಕೆ. ಆದರೆ ಚೀಟಿಯಲ್ಲಿ ‘ಗ್ರಿಲ್ ಕೆಟ್ಟರೆ’ ಅಂತ ಓದಿದವರು ರಿಪೇರಿಯವರಿಗೆ ಫೋನ್ ಮಾಡುತ್ತಾರೆ. ಸದ್ಯಕ್ಕೆ ‘ಬೆಂಕಿ ಆರಿದರೆ’ ಅಂತ ಬರೆದಿದ್ದೇನೆ. ಇದರಲ್ಲಿ ಗೊಂದಲ ಆಗಬಾರದು, ಏಕೆಂದರೆ ಬೆಂಕಿ ಆರಿದ ಮೇಲೂ ತಿರುಪು ಪೆಲೆಟ್ ತಳ್ಳುತ್ತಲೇ ಇದ್ದು ಬಟ್ಟಲಲ್ಲಿ ರಾಶಿ ಬಿದ್ದಿರಬಹುದು. ಅದನ್ನು ತೆಗೆಯದೆ ಮತ್ತೆ ಹಚ್ಚಿದರೆ ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಆ ಹತ್ತಿಕೊಳ್ಳುವುದಕ್ಕೆ ‘ಭುಗಿಲೇಳು’ ಬಿಟ್ಟರೆ ಬೇರೆ ಪದ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು, ವಿಭಕ್ತಿಯದು. ‘25 ಡಿಗ್ರಿ ಇಳಿಯಿತು’, ‘25 ಡಿಗ್ರಿಗೆ ಇಳಿಯಿತು’, ಒಂದು ‘ಗೆ’ಯಲ್ಲಿ ಎಷ್ಟು ದೂರ! ನಾನು ಸೆಲ್ಸಿಯಸ್‌ನಲ್ಲೂ ಬರೆಯೋಣ ಅಂತ ಫೋನಿನಲ್ಲಿ 25 ಫ್ಯಾರನ್‌ಹೀಟ್ ಹಾಕಿದೆ. ಮೈನಸ್ 4 ಅಂತ ಬಂತು. ಅದು ‘25ಕ್ಕೆ’ ಇಳಿದದ್ದರ ಲೆಕ್ಕ. ‘25ರಷ್ಟು’ ಇಳಿದದ್ದು ಬೇಕಾದರೆ 32 ಕಳೆಯಬಾರದು, 1.8ರಿಂದ ಭಾಗಿಸಿದರೆ ಸಾಕು, ಸುಮಾರು 14 ಬರುತ್ತದೆ. ಹಾಗಾಗಿ ಚೀಟಿಯಲ್ಲಿ ಎಲ್ಲ ಕಡೆ ‘ಅಷ್ಟು’ ಸೇರಿಸಿದ್ದೇನೆ: ‘225 ಡಿಗ್ರಿಗೆ ಇಡಿ. 20 ಡಿಗ್ರಿಯಷ್ಟು ಏರಿಳಿತ ಸಹಜ. 50 ಡಿಗ್ರಿಯಷ್ಟು ಆಡಿದರೆ, ಇಳಿದು ಅಲ್ಲೇ ಕೂತರೆ, ಅದು ಏರುಪೇರು.’

ಈಗ ನನ್ನ ಪ್ರಶ್ನೆಗಳು. ಏರಿಳಿತ, ಏರುಪೇರು ನಡುವೆ ನಾನು ಹೇಳಿದ ವ್ಯತ್ಯಾಸ ನಿಮ್ಮ ಕಡೆಯ ಮಾತಿನಲ್ಲೂ ಇದೆಯೇ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ‘ಹೊಯ್ದಾಟ’ ಅಂತ ಒಬ್ಬ ಗೆಳತಿ ಸೂಚಿಸಿದಳು, ನನಗೆ ಅದು ಮನಸ್ಸಿಗೂ ದೋಣಿಗೂ ಸರಿ ಅನಿಸಿತು, ಒಲೆಗೆ ಒಪ್ಪಲಿಲ್ಲ. ಪೆಲೆಟ್ ಸುರಿಯುವ ಪೆಟ್ಟಿಗೆಗೆ, ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಭಾಗಕ್ಕೆ ಇರುವ ಹೆಸರನ್ನೇ ಇಡಬಹುದು. ಗಿರಣಿ ನಡೆಸಿದವರು ಯಾರಾದರೂ ಇದ್ದರೆ ನೀವು ಏನನ್ನುತ್ತಿದ್ದಿರಿ ಅಂತ ಬರೆಯಿರಿ. ಹಾಗೆಯೇ ಹೊಟ್ಟಿನ ಒಲೆಯಲ್ಲಿ ಹೊಟ್ಟು ಕುಸಿದು ಬೆಂಕಿ ಮುಚ್ಚಿಹೋಗುತ್ತಿತ್ತಲ್ಲ, ಅದಕ್ಕೆ ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಬೇರೆ ಮಾತು ಇತ್ತೇ? ಮಾವನವರನ್ನು ಫೋನಿನಲ್ಲಿ ಕೇಳಿದೆ. ‘ಒಲೆ ಕೂತ್ಕೊಳ್ತು ಅಂತಿದ್ವಿ’ ಅಂದರು.